ಹದಿನಾಲ್ಕನೆಯ ಗುರುವಾರದವಳು

ನ್ಸುವಾನೊ,
ಮಾರ್ಚ್ 3, 2024, ಭಾನುವಾರ

ತಮ್ಮ ಕ್ವಾಬೆನಾ,

ಆಶೀರ್ವಾದ, ಕ್ಷೇಮಸಮಾಚಾರ ಇವತ್ತು ಇಲ್ಲ. ಫೋನ್ ಬಿಟ್ಟು ಕಾಗದ ಯಾಕೆ ಹಿಡಿದೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ಹೋದ ಮಂಗಳವಾರ ನೀನು ಫೋನ್ ಮಾಡಿದಾಗ ನಾನು ಅತ್ತೆ. ಒಡಹುಟ್ಟಿದವನು ಅಂತ ಅತ್ತೆ. ಆ ಅಳುವನ್ನ ನೀನು ಹಿಡಿದಿಟ್ಟುಕೊಂಡು ನಿನ್ನೆ ಬೆಳಿಗ್ಗೆ ರೇಡಿಯೋದಲ್ಲಿ ಹಾಕಿಸಿದೆ. ನಾನು ಒಲೆಯಿಂದ ಬ್ರೆಡ್ಡು ತೆಗೀತಾ ಇದ್ದೆ, ಪಕ್ಕದ ಮನೆಯ ರೇಡಿಯೋದಿಂದ ನನ್ನದೇ ಗಂಟಲು ಬಂತು. "ಎಲ್ಲಾ ನನ್ನಿಂದ ಆಯ್ತು ಕಣೋ" ಅಂತ. ಅಷ್ಟು ಮಾತ್ರ ಇಟ್ಟುಕೊಂಡು ಹಿಂದಿನದು ಮುಂದಿನದು ಎಲ್ಲಾ ಕತ್ತರಿಸಿದ್ದೆ. ಕಾಗದಕ್ಕಾದರೆ ಮೊದಲು ಕೊನೆ ಅಂತ ಇರುತ್ತೆ, ಕೆಳಗೆ ನನ್ನ ಸಹಿ ಇರುತ್ತೆ. ಇನ್ನು ಮೇಲೆ ನನ್ನ ಹತ್ತಿರ ಏನಾದರೂ ಹೇಳೋದಿದ್ದರೆ ಬರಿ. ಕುಮಾಸಿ ಬಸ್ಸಿನ ಡ್ರೈವರ್ ಅಜಯಿ ಕೈಗೆ ಕೊಟ್ಟರೆ ತಂದುಕೊಡ್ತಾನೆ.

ಫೆಬ್ರವರಿ ಎಂಟರ ಗುರುವಾರ ಸರೋವರದಲ್ಲಿ ನಮ್ಮ ದೋಣಿ ಮುಳುಗಿತು. ಹತ್ತೊಂಬತ್ತು ಜನ ಹೋದರು. ಅವರಲ್ಲಿ ಒಬ್ಬಳು ನಿನಗೆ ಹುಟ್ಟಿದವಳು, ಹೆತ್ತವಳು ತೀರಿಕೊಂಡ ಮೇಲೆ ನಾನು ಸಾಕಿದವಳು, ನಮ್ಮ ಚಿಕ್ಕ ಬಿರಾಗೊ. ನಮಗೆ ಗೊತ್ತಿರೋದು ಇಷ್ಟೇ. ಇದರ ಮೇಲೆ ಶನಿವಾರ ಶನಿವಾರ ರೇಡಿಯೋದಲ್ಲಿ ಕೂತು ನೀನು ಎಷ್ಟು ಮಹಡಿ ಕಟ್ಟಿದೆಯೋ. ಸತ್ತ ಹತ್ತೊಂಬತ್ತರಲ್ಲಿ ಹದಿನಾಲ್ಕು ಜನ ಗುರುವಾರ ಹುಟ್ಟಿದವರಂತೆ. ಸತ್ತದ್ದೂ ಗುರುವಾರವಂತೆ. ಗುರುವಾರ ಭೂಮಿತಾಯಿಯ ದಿನವಂತೆ. ಆದ್ದರಿಂದ ಇದು ಅಪಘಾತ ಅಲ್ಲವಂತೆ, ಯಾರೋ ಐಶ್ವರ್ಯಕ್ಕಾಗಿ ಕೊಟ್ಟ ಬಲಿಯಂತೆ.

ಲೋ, ನೀನು ಹುಟ್ಟಿ ಬೆಳೆದದ್ದು ಈ ಊರಲ್ಲೋ ಚಂದ್ರಲೋಕದಲ್ಲೋ? ಹುಟ್ಟಿದ ವಾರವನ್ನ ಹೆಸರಲ್ಲೇ ಹೊತ್ತುಕೊಂಡು ಓಡಾಡೋ ಜನ ನಾವು. ನೀನು ಮಂಗಳವಾರದವನು, ಕ್ವಾಬೆನಾ. ನಾನು ಗುರುವಾರದವಳು, ಯಾ. ನಮ್ಮ ಚರ್ಚಿನಲ್ಲಿ ಸುಗ್ಗಿಯ ಕಾಣಿಕೆ ಎತ್ತೋದೂ ಹಾಗೇ ಅಲ್ಲವಾ? ಒಂದೊಂದು ವಾರದವರದ್ದು ಒಂದೊಂದು ತಂಡ. ತಂಡ ತಂಡವಾಗಿ ಕುಣೀತಾ ಹೋಗಿ ತಟ್ಟೆಗೆ ಹಾಕ್ತೀವಿ, ಹೆಚ್ಚು ಹಾಕಿದ ತಂಡ ಗೆದ್ದ ಹಾಗೆ. ಮಂಗಳವಾರದವರ ಮುಂದೆ ಡೋಲು ಬಡಿದವನು ನೀನು. ನಾವು ಗೆದ್ದ ವರ್ಷ ಊಟ ಬಿಟ್ಟು ಮೂತಿ ಊದಿಸಿಕೊಂಡವನೂ ನೀನೇ. ಈ ಸಲವೂ ಗುರುವಾರದವರೇ ಗೆದ್ದೆವು. ಗೆದ್ದವರಿಗೆ ಆಚೆ ದಡದ ದುಕೊಮಾನ್‌ನ ಹೊಸ ಚರ್ಚ್ ನೋಡಿಕೊಂಡು ಬರೋ ಪ್ರವಾಸ. ಗುರುವಾರ ಯಾರೂ ಗುದ್ದಲಿ ಮುಟ್ಟೋ ಹಾಗಿಲ್ಲ, ಹೊಲಕ್ಕೆ ರಜ, ಅದಕ್ಕೇ ಆ ದಿನ. ಗುರುವಾರದವರು ತುಂಬಿದ ದೋಣಿ ಮುಳುಗಿತು, ಗುರುವಾರದವರು ಸತ್ತರು. ಮೀನಿನ ಬುಟ್ಟಿಗೆ ಕೈ ಹಾಕಿ ಮೀನೇ ಸಿಕ್ಕಿತು ಅಂತ ಬಾಯಿ ಬಡ್ಕೊಳ್ತಾರೇನೋ?

ಇದೆಲ್ಲ ನಿನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ರೇಡಿಯೋದಲ್ಲಿ ಒಂದು ಮಾತು ಹೇಳಲಿಲ್ಲ. ಅದಕ್ಕೇ ನನಗೆ ಮೈ ಉರೀತಿರೋದು. ಮುಂದಿನ ಶನಿವಾರ ಅದನ್ನ ಹೇಳು. ಹೇಳಿ ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತು ಮಗಳಿಗಾಗಿ ಅಳು.

ಇಂತಿ,
ಇನ್ನೂ ನಿನ್ನ ಅಕ್ಕನಾಗಿಯೇ ಇರುವ
ಯಾ ಬಿರಾಗೊ


ಕುಮಾಸಿ,
ಮಾರ್ಚ್ 14, 2024, ಗುರುವಾರ (ಇವತ್ತೂ ಗುರುವಾರವೇ, ಗಮನಿಸು)

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ತಲುಪಿತು. ಬೈದಿದ್ದೀಯ, ಬೈಯಿ. ಅವ್ವ ಹೋದ ಮೇಲೆ ಬೈಯೋ ಹಕ್ಕು ಇರೋದು ನಿನಗೊಬ್ಬಳಿಗೇ.

ಆದರೆ ಅಕ್ಕಾ, ನಾನು ಹದಿಮೂರು ವರ್ಷದಿಂದ ಸತ್ತವರ ಪೋಸ್ಟರ್ ಅಚ್ಚು ಹಾಕ್ತಿದ್ದೀನಿ. ದಿನಕ್ಕೆ ಎಂಟು ಹತ್ತು ಮುಖ. ಹೆಸರು, ವಯಸ್ಸು, ಸತ್ತ ದಿನ, ಮಣ್ಣು ಮಾಡೋ ದಿನ. ಇಷ್ಟು ಮುಖ ನೋಡಿದವನಿಗೆ ಒಂದು ಕಣ್ಣು ಬರುತ್ತೆ. ಯಾವುದು ದೇವರು ಕರೆದ ಸಾವು, ಯಾವುದು ಮನುಷ್ಯ ಕಳಿಸಿದ ಸಾವು ಅಂತ ತಾರೀಖು ನೋಡಿದರೇ ಗೊತ್ತಾಗುತ್ತೆ. ನಿನಗೆ ಅದು ಕಾಣೋದಿಲ್ಲ, ನೀನು ಬ್ರೆಡ್ಡು ಸುಡೋಳು.

ಒಂದೊಂದಾಗಿ ನೋಡು. ದೋಣಿಯಲ್ಲಿದ್ದವರು ಮೂವತ್ತೆಂಟು. ಸತ್ತವರು ಹತ್ತೊಂಬತ್ತು, ಉಳಿದವರು ಹತ್ತೊಂಬತ್ತು. ನನ್ನ ಮಗಳ ವಯಸ್ಸು ಹತ್ತೊಂಬತ್ತು. ಮೂರು ಸಲ ಒಂದೇ ಸಂಖ್ಯೆ. ದೋಣಿಗೆ ಆ ವಾರವೇ ಹೊಸದಾಗಿ ಬಿಳಿ ಬಣ್ಣ ಬಳಿದಿದ್ದರು. ಬಲಿಗೆ ಬಿಡೋ ಕುರಿಯನ್ನ ತೊಳೆದು ಬಿಳಿ ಬಟ್ಟೆ ಕಟ್ತಾರೋ ಇಲ್ಲವೋ? ದೋಣಿಯ ಮಾಲೀಕ ಒಫೊಸು ಅದೇ ತಿಂಗಳು ಮನೆಗೆ ಮಹಡಿ ಏರಿಸಿದ. ಚರ್ಚಿನ ಪಾದ್ರಿ ಆ ದೋಣಿ ಹತ್ತಲಿಲ್ಲ. ಕಾಣಿಕೆ ಕತೆ ನನಗೂ ಗೊತ್ತು. ಆದರೆ ಅದನ್ನೇ ಯೋಚನೆ ಮಾಡು, ಹದಿನಾಲ್ಕು ಗುರುವಾರದವರನ್ನ ಒಂದೇ ದೋಣಿಗೆ ತುಂಬೋಕೆ ಅದಕ್ಕಿಂತ ಒಳ್ಳೆ ಉಪಾಯ ಉಂಟಾ?

ಕೊನೆಯದಾಗಿ ಒಂದು ಪ್ರಶ್ನೆ. ಕೋಪ ಮಾಡ್ಕೋಬೇಡ, ಕೇಳ್ತಿದ್ದೀನಿ ಅಷ್ಟೇ. ಗುರುವಾರದವರ ತಂಡಕ್ಕೆ ನೀನೇ ಯಜಮಾನಿ. ಹನ್ನೊಂದು ವರ್ಷದಲ್ಲಿ ತಂಡದ ಒಂದು ಪ್ರವಾಸವನ್ನೂ ತಪ್ಪಿಸಿದವಳಲ್ಲ. ಆ ದಿನ ಮಾತ್ರ ಮನೆಯಲ್ಲೇ ಉಳಿದೆ. ಯಾಕೆ? "ಎಲ್ಲಾ ನನ್ನಿಂದ ಆಯ್ತು" ಅಂದೆಯಲ್ಲ, ಏನು ಆಯ್ತು ನಿನ್ನಿಂದ?

ಇಂತಿ ನಿನ್ನ ತಮ್ಮ,
ಕ್ವಾಬೆನಾ ಆಂಟ್ವಿ


ನ್ಸುವಾನೊ,
ಮಾರ್ಚ್ 22, 2024, ಶುಕ್ರವಾರ

ಕ್ವಾಬೆನಾ,

ಕೇಳ್ತಿದ್ದೀನಿ ಅಷ್ಟೇ ಅಂತೀಯಾ? ಕೇಳೋದು ಅಂದರೆ ಹೋಗಿ ಗೊತ್ತಿರೋರ ಹತ್ತಿರ ಕೇಳೋದು. ನೀನು ಮಾಡ್ತಿರೋದು ಎಂಟೂರಿಗೆ ಕೇಳೋ ಹಾಗೆ ಕೂಗಿ, ಉತ್ತರ ಬರೋ ಮೊದಲೇ ಎದ್ದು ಹೋಗೋದು. ನೀನು ಬರೆದದ್ದನ್ನ ಹಿಡಿದುಕೊಂಡು ನಾನು ಹೋಗಿ ಕೇಳಿದೆ. ಮೂರು ದಿನ ಹಿಡೀತು.

ಬಿಳಿ ಬಣ್ಣ. ಸರೋವರದ ಇಲಾಖೆಯವರು ದೋಣಿಗಳ ಮೇಲೆ ನಂಬರ್ ಕಾಣೋ ಹಾಗೆ ಬರೆಸಬೇಕು ಅಂತ ಜನವರಿಯಲ್ಲಿ ಹುಕುಂ ಮಾಡಿದರು. ನಂಬರ್ ಕಾಣಲಿ ಅಂತ ಬಿಳಿ ಬಳಿದರು. ನಮ್ಮ ದಡದಲ್ಲಿ ಹನ್ನೆರಡು ದೋಣಿಗೆ ಬಳಿದರು. ಮಿಕ್ಕ ಹನ್ನೊಂದು ತೇಲ್ತಾ ಇವೆ. ಒಫೊಸುವಿನ ಮಹಡಿ. ಗಾರೆ ಕೆಲಸದವನನ್ನ ಕೇಳಿದೆ, ಎರಡು ವರ್ಷದಿಂದ ಏಳ್ತಾ ಇದೆ, ಇನ್ನೂ ಚಾವಣಿ ಇಲ್ಲ. ಪಾದ್ರಿ. ಅವನು ಅಡುಗೆಯ ಪಾತ್ರೆ ಹೊತ್ತು ಹಿಂದಿನ ದಿನವೇ ಆಚೆ ದಡಕ್ಕೆ ಹೋಗಿದ್ದ, ನಮ್ಮೆಲ್ಲರಿಗೂ ಊಟಕ್ಕೆ ತಯಾರಿ ಮಾಡೋಕೆ. ಮೂವತ್ತೆಂಟರ ಅರ್ಧ ಹತ್ತೊಂಬತ್ತು, ಇದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂದರೆ ಕಾಗೆಯನ್ನ ಹಿಡಿದು ಜೈಲಿಗೆ ಹಾಕ್ತೀಯಾ?

ನನ್ನ ಕೈಲೂ ದಾರ ಇದೆ ಕಣೋ, ಗಂಟು ಹಾಕೋಕೆ ಎರಡು ನಿಮಿಷ ಸಾಕು. ನಿನ್ನ ಶನಿವಾರದ ಕಾರ್ಯಕ್ರಮಕ್ಕೆ ಮುಂಚೆ ಯಾವುದೋ ಕಷಾಯದ ಜಾಹೀರಾತು ಬರುತ್ತಲ್ಲ, ಆ ಕಷಾಯ ಮಾಡೋನು ಒಫೊಸುವಿನ ಭಾವಮೈದ. ನನಗೆ ಅದು ಗೊತ್ತಾದ ಗಳಿಗೆಯಲ್ಲಿ, ಒಫೊಸುವೇ ದುಡ್ಡು ಕೊಟ್ಟು ನಿನ್ನಿಂದ ಹೇಳಿಸ್ತಿದ್ದಾನೆ, ಸಿಕ್ಕಿಬಿದ್ದರು ಅಂದುಕೊಂಡೆ. ಎಷ್ಟು ಸುಖ ಅನ್ನಿಸಿತು ಗೊತ್ತಾ. ಆಮೇಲೆ ಅಜಯಿಯನ್ನ ಕಳಿಸಿ ವಿಚಾರಿಸಿದೆ. ಆ ಜಾಹೀರಾತು ಹೋದ ವರ್ಷ ಜೂನಿನಿಂದ ಬರ್ತಿದೆ, ದೋಣಿ ಇನ್ನೂ ತೇಲ್ತಿದ್ದಾಗಿನಿಂದ. ದಾರ ಕೆಳಗಿಟ್ಟೆ. ನನ್ನಂಥ ಬ್ರೆಡ್ಡು ಸುಡೋಳಿಗೆ ಆಗೋದು ನಿನಗೆ ಯಾಕೆ ಆಗೋದಿಲ್ಲ?

ಏನಾಯ್ತು ಅಂತ ಬದುಕಿ ಬಂದವರು ಹೇಳ್ತಿದ್ದಾರೆ, ಕೇಳೋರು ಬೇಕಲ್ಲ. ಬೇಸಿಗೆ, ನೀರು ಇಳಿದಿತ್ತು. ಅಜ್ಜನ ಕಾಲದಲ್ಲಿ ಅಣೆಕಟ್ಟಿನ ನೀರು ಬಂದು ಹಳೆಯ ಊರನ್ನ ನುಂಗಿದಾಗ ಕಡಿಯದೇ ಬಿಟ್ಟ ಮರಗಳು ಈಗಲೂ ಒಳಗೆ ನಿಂತಿವೆ. ಒಂದು ಬೊಡ್ಡೆ ದೋಣಿಯ ಹೊಟ್ಟೆ ಸೀಳಿತು. ಇಪ್ಪತ್ತು ಜನರ ದೋಣಿಗೆ ಒಫೊಸು ಮೂವತ್ತೆಂಟು ಜನರನ್ನ ತುಂಬಿದ್ದ. ನೀರಲ್ಲಿ ತೇಲಿಸೋ ಜಾಕೆಟ್ಟು ಒಂದೂ ಇರಲಿಲ್ಲ. ಮೊದಲ ವಾರ ಊರವರೆಲ್ಲ ಅವನ ಅಂಗಳದಲ್ಲಿ ನಿಂತು ಜಾಕೆಟ್ಟು ಎಲ್ಲೋ ಅಂತ ಕೇಳಿದರು, ಅವನು ಹಿಂದಿನ ಬಾಗಿಲಿನಿಂದ ಓಡಿದ. ಆಮೇಲೆ ನೀನು ರೇಡಿಯೋದಲ್ಲಿ ಬಾಯಿ ತೆಗೆದೆ. ಈಗ ಅವೇ ಬಾಯಿಗಳು ಬಲಿ ಕೊಟ್ಟೋರು ಯಾರು ಅಂತ ಕೇಳ್ತಿವೆ. ಒಫೊಸು ಮುಂದಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾನೆ.

ಅವರ ಉತ್ತರ ಯಾರು ಗೊತ್ತಾ? ನಾನು. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ. ತಂಡದ ಯಜಮಾನಿ ತಾನು ಉಳಿದು ತಂಡವನ್ನ ಕಳಿಸಿದಳಂತೆ. ಒಲೆಯಲ್ಲಿ ಬ್ರೆಡ್ಡು ಹಾಗೇ ಉಳೀತಿದೆ, ನನ್ನ ಕೈಯದ್ದನ್ನ ಮಕ್ಕಳ ಬಾಯಿಗೆ ಯಾರೂ ಇಡೋದಿಲ್ಲ. ಬಾವಿಕಟ್ಟೆಗೆ ಹೋದರೆ ಹೆಂಗಸರು ಕೊಡ ತುಂಬೋ ಮೊದಲೇ ಎತ್ತಿಕೊಂಡು ಹೋಗ್ತಾರೆ. ಮೊನ್ನೆ ಊರ ಹಿರಿಯ ದಾರ್ಕೊ ಮನೆಗೆ ಕರೆಸಿದ್ದ. ಏಪ್ರಿಲ್ ಹತ್ತೊಂಬತ್ತಕ್ಕೆ ನಾನು ಊರ ಮುಂದೆ ಆಣೆಯ ನೀರು ಕುಡೀಬೇಕು. ಸತ್ತ ಹುಡುಗಿಯನ್ನ ಸಾಕ್ಷಿಗೆ ಕರೆದು, "ಇವಳ ಸಾವಿನಲ್ಲಿ ನನ್ನ ಕೈ ಇಲ್ಲ" ಅನ್ನಬೇಕು. ಕುಡಿಯದಿದ್ದರೆ ಮುಂದಿನ ಸಂತೆಯೊಳಗೆ ಊರು ಬಿಡಬೇಕು. ಹತ್ತೊಂಬತ್ತು ಅಂತ ನೀನು ಕುಣೀಬೇಡ, ಹಿರಿಯರಿಗೆ ಬಿಡುವಿದ್ದದ್ದು ಅವತ್ತು.

ಈ ಬೆಂಕಿ ನೀನು ಹಚ್ಚಿದ್ದು. ನೀನೇ ಬಂದು ಆರಿಸು.

ಯಾ ಬಿರಾಗೊ


ಕುಮಾಸಿ,
ಏಪ್ರಿಲ್ 1, 2024

ಅಕ್ಕಾ,

ಎರಡು ಹಾಳೆ ತುಂಬಾ ಬರೆದಿದ್ದೀಯ. ಬಣ್ಣ, ಮಹಡಿ, ಪಾದ್ರಿ, ಕಷಾಯ ಎಲ್ಲಾ ಉಂಟು. ನಾನು ಕೇಳಿದ ಒಂದು ಪ್ರಶ್ನೆಗೆ ಮಾತ್ರ ಉತ್ತರ ಇಲ್ಲ. ಅವತ್ತು ನೀನು ಯಾಕೆ ಹೋಗಲಿಲ್ಲ? ನಾಲ್ಕು ಸಲ ಓದಿದೆ, ಕಾಗದವನ್ನ ಬೆಳಕಿಗೆ ಹಿಡಿದೂ ನೋಡಿದೆ.

ಇಲ್ಲಿ ಜನ ನನ್ನನ್ನ ಪ್ರೊಫೆಸರ್ ಅಂತ ಕರೀತಾರೆ. ಶನಿವಾರ ಪೂರ್ತಿ ಒಂದು ಗಂಟೆ ನನಗೇ ಬಿಟ್ಟಿದ್ದಾರೆ. ನಗಬೇಡ. ಹೋದ ವಾರ ದುಕೊಮಾನ್‌ನಿಂದ ಒಬ್ಬಳು ಹೆಂಗಸು ಬಂದಿದ್ದಳು. ಊರಿಗೆ ಮರಳೋಕೆ ಅದೇ ದೋಣಿ ಹತ್ತಿದ ಅವಳ ಇಬ್ಬರು ಗಂಡುಮಕ್ಕಳು ಹೋದರು. ನನ್ನ ಅಂಗಡಿಯ ಬಾಗಿಲಲ್ಲಿ ಕೂತು ನನ್ನ ಕೈ ಹಿಡಿದುಕೊಂಡು, "ಅಣ್ಣಾ, ನೀವು ಹೇಳಿದ ಮೇಲೆ ನನಗೆ ನಿದ್ದೆ ಬರ್ತಿದೆ" ಅಂದಳು. ಅವಳಿಗೆ ಹೋಗಿ ಹೇಳಲಾ, ತಾಯೀ, ಅದೊಂದು ಮರದ ಬೊಡ್ಡೆ ಅಂತ?

ಮರದ ಬೊಡ್ಡೆಯನ್ನ ಹಿಡಿದು ಅಲ್ಲಾಡಿಸಿ ಯಾಕೆ ಅಂತ ಕೇಳೋಕಾಗುತ್ತಾ ಅಕ್ಕಾ? ನನಗೆ ಒಬ್ಬಳೇ ಮಗಳು. ಅವಳು ಇಷ್ಟು ಅಗ್ಗವಾಗಿ ಹೋದಳು ಅಂತ ಒಪ್ಪಿಕೊಳ್ಳೋಕೆ ನನಗೆ ಆಗೋದಿಲ್ಲ. ಯಾರೋ ಒಬ್ಬರು ಹೊಣೆ ಹೊರಲೇಬೇಕು.

ಹತ್ತೊಂಬತ್ತಕ್ಕೆ ಬರ್ತೀನಿ. ರೇಡಿಯೋದ ಹುಡುಗ ಎನ್ಕಾನ್ಸಾ ಧ್ವನಿ ಹಿಡಿಯೋ ಯಂತ್ರದ ಜೊತೆ ಬರ್ತಾನೆ. ನಿನ್ನ ಮನಸ್ಸು ಶುದ್ಧ ಇದ್ದರೆ ಆಣೆ ಮಾಡೋಕೆ ಭಯ ಯಾಕೆ?

ಕ್ವಾಬೆನಾ


ನ್ಸುವಾನೊ,
ಏಪ್ರಿಲ್ 9, 2024, ಮಂಗಳವಾರ

ಕ್ವಾಬೆನಾ,

ಉತ್ತರ ಬೇಕಾ? ತಗೋ.

ನನಗೆ ಆ ಆಣೆ ಮಾಡೋಕಾಗೋದಿಲ್ಲ. ಅವಳ ಸಾವಿನಲ್ಲಿ ನನ್ನ ಕೈ ಇದೆ.

ಆ ವಾರ ಸೋಮವಾರದಿಂದ ನನಗೆ ಮಲೇರಿಯಾ ಜ್ವರ. ಬುಧವಾರ ಸಾಯಂಕಾಲ ಎದ್ದು ನಿಂತರೆ ಗೋಡೆ ತಿರುಗ್ತಿತ್ತು. ತಂಡದವರಿಗೆಲ್ಲ ಒಂದೇ ಥರದ ನೀಲಿ ಬಟ್ಟೆ ತೆಗೆದು ಹೊಲಿಸಿದ್ದೆವು, ನನ್ನದು ಮೊಳೆಗೆ ನೇತುಹಾಕಿತ್ತು. ಗೆದ್ದ ತಂಡದ ಪರವಾಗಿ ಆಚೆ ಚರ್ಚಿನ ಪ್ರಾರ್ಥನೆಯ ಮೇಜಿಗೆ ಕೊಡಬೇಕಾದ ಹೊದಿಕೆ ನನ್ನ ಹತ್ತಿರ ಇತ್ತು. ಚಿಕ್ಕ ಬಿರಾಗೊ ಹೋಗೋದಿಲ್ಲ ಅಂದಳು, ನಿನ್ನನ್ನ ಹೀಗೆ ಬಿಟ್ಟು ಹೋಗಲಾ ಅಂದಳು. ನಾನು ಬೈದೆ. ನನ್ನ ಜಾಗ ಖಾಲಿ ಬಿದ್ದರೆ ಗುರುವಾರದವರ ಮರ್ಯಾದೆ ಏನು, ನನ್ನ ಹೆಸರು ಇಟ್ಟುಕೊಂಡಿದ್ದೀಯ, ನನ್ನ ಬಟ್ಟೆ ಹಾಕ್ಕೊಂಡು ಹೋಗು ಅಂದೆ. ಕಾಣಿಕೆ ತಟ್ಟೆಯ ಜಂಬಕ್ಕೆ ಅವಳನ್ನ ಕಳಿಸಿದೆ. ಮೂರನೇ ದಿನ ನೀರಿಂದ ತೆಗೆದಾಗ ನಾನು ಗುರುತು ಹಿಡಿದದ್ದು ನನ್ನದೇ ಬಟ್ಟೆಯನ್ನ. ಫೋನಿನಲ್ಲಿ ಅಳ್ತಾ ನಾನು ಹೇಳಿದ್ದು ಇದನ್ನೇ. ಇದನ್ನೇ ನೀನು ಕತ್ತರಿಸಿ ಹಾಕಿದ್ದು. ನಿನ್ನ ದೊಡ್ಡ ಗುಟ್ಟಿನ ಒಳಗೆ ಇರೋದು ಇಷ್ಟೇ, ಒಂದು ಜ್ವರ, ಒಬ್ಬಳು ಮುದುಕಿಯ ಜಂಬ.

ಇನ್ನೊಂದಿದೆ. ಕೂತುಕೊಂಡು ಓದು.

ನಿನ್ನ ಮಗಳು ಗುರುವಾರ ಹುಟ್ಟಿದವಳಲ್ಲ. ಸೋಮವಾರ ಹುಟ್ಟಿದವಳು. 2004ರ ಸೆಪ್ಟೆಂಬರ್ ಆರು. ಅವಳು ಹುಟ್ಟಿದಾಗ ನೀನು ಎಲ್ಲಿದ್ದೆ? ಗಡಿಯಾಚೆ ಅಬಿಜಾನ್‌ನಲ್ಲಿ, ಕೋಕೋ ಮೂಟೆ ಹೊರ್ತಾ ಇದ್ದೆ, ಆರು ವರ್ಷ ಈ ಕಡೆ ತಲೆ ಹಾಕಲಿಲ್ಲ. ಮಗು ಆಯ್ತು ಅಂತ ಹೇಳಿ ಕಳಿಸಿದ್ದಕ್ಕೆ ನೀನು ಹೇಳಿ ಕಳಿಸಿದ್ದು ಒಂದೇ ಮಾತು, ಅಕ್ಕನ ಹೆಸರಿಡಿ ಅಂತ. ಅದಕ್ಕೇ ಸೋಮವಾರದ ಹುಡುಗಿ ಅಡ್ವೊಆ ಆಗೋ ಬದಲು ಯಾ ಆದಳು, ನನ್ನ ಹೆಸರು ಪೂರ್ತಿ ಇದ್ದ ಹಾಗೇ. ಹಿರಿಯರ ಹೆಸರು ಇಟ್ಟರೆ ಅವರ ವಾರದ ಹೆಸರೂ ಜೊತೆಗೆ ಬರುತ್ತೆ, ಇದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನೀನು ಬಂದಾಗ ಎಲ್ಲರೂ ಯಾ ಅಂತಿದ್ದರು, ನೀನೂ ಯಾ ಅಂದೆ. ಹುಟ್ಟಿದ್ದು ಯಾವ ವಾರ ಅಂತ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಕೇಳಲಿಲ್ಲ. ಅವಳ ತೂಕ ಬರೆದ ಆಸ್ಪತ್ರೆಯ ಚೀಟಿ ನನ್ನ ಪೆಟ್ಟಿಗೆಯಲ್ಲಿದೆ, ಬಂದು ಓದು.

ನಿನ್ನ ಹದಿನಾಲ್ಕರಲ್ಲಿ ಒಂದನ್ನ ಕಳಿ. ಯಾವ ಒಂದಕ್ಕಾಗಿ ಇಡೀ ಲೆಕ್ಕ ಶುರು ಮಾಡಿದೆಯೋ, ಅದನ್ನೇ.

ಹತ್ತೊಂಬತ್ತಕ್ಕೆ ಬಾ. ಆ ಯಂತ್ರವನ್ನೂ ತಾ. ಸತ್ತವರನ್ನ ಸಾಕ್ಷಿಗೆ ಕರೆಯೋ ಮೊದಲು ಅವರ ಆತ್ಮದ ವಾರ, ಅಂದರೆ ನಿಜವಾಗಿ ಹುಟ್ಟಿದ ವಾರ, ಯಾವುದು ಅಂತ ಹಿರಿಯ ಕೇಳೋದು ನಿನಗೆ ಗೊತ್ತಲ್ಲ. ತಂದೆ ಬದುಕಿದ್ದರೆ ತಂದೆಯನ್ನೇ ಕೇಳ್ತಾರೆ. ನೀನು ಗುರುವಾರ ಅಂದರೆ ನಾನು ಬಟ್ಟೆ ಗಂಟು ಕಟ್ಟಿಕೊಂಡು ಈ ಊರಿಂದ ಹೋಗ್ತೀನಿ. ಐವತ್ತೆಂಟು ವರ್ಷ ಬದುಕಿದ ಊರು. ನಿಜ ಹೇಳಿದರೆ ನಿನ್ನ ರೇಡಿಯೋ ಕತೆ ಅಲ್ಲೇ ಸಾಯುತ್ತೆ. ಎರಡರಲ್ಲಿ ಯಾವುದು ಬೇಕೋ ನೋಡಿಕೋ.

ಯಾ ಬಿರಾಗೊ


ಕುಮಾಸಿ,
ಮೇ 5, 2024, ಭಾನುವಾರ

ಅಕ್ಕಾ,

ಆಣೆಯ ದಿನ ಊಟಕ್ಕೂ ನಿಲ್ಲದೆ ಬಂದುಬಿಟ್ಟೆ. ನಿನ್ನ ಮುಖ ನೋಡೋ ಧೈರ್ಯ ಇರಲಿಲ್ಲ.

ನೀನು ನನ್ನ ಹಿಂದೆ ನಿಂತಿದ್ದೆ, ನಿನಗೆ ನನ್ನ ಬೆನ್ನು ಮಾತ್ರ ಕಂಡಿರುತ್ತೆ. ನಿನ್ನ ಕಾಗದ ನನ್ನ ಜೇಬಿನಲ್ಲಿತ್ತು. ನಿನ್ನನ್ನ ನಾನು ನಂಬಿರಲಿಲ್ಲ. ಉಳಿದುಕೊಳ್ಳೋಕೆ ಸುಳ್ಳು ಹೇಳ್ತಿದ್ದಾಳೆ ಅಂದುಕೊಂಡೇ ಬಸ್ಸು ಹತ್ತಿದ್ದೆ. ದಾರ್ಕೊ ಬಟ್ಟಲು ಎತ್ತಿಕೊಂಡು, "ಹುಡುಗಿಯ ಆತ್ಮದ ವಾರ ಯಾವುದು, ಹೆತ್ತ ತಂದೆ ಹೇಳಲಿ" ಅಂದಾಗ ನನ್ನ ನಾಲಿಗೆ ಮೇಲೆ ಗುರುವಾರವೇ ಇತ್ತು. ಎನ್ಕಾನ್ಸಾ ಯಂತ್ರವನ್ನ ನನ್ನ ಬಾಯಿಗೆ ಹಿಡಿದಿದ್ದ. ಅಷ್ಟರಲ್ಲಿ ಒಂದು ಯೋಚನೆ ಬಂತು. ತಪ್ಪು ವಾರ ಹೇಳಿ ಕರೆದರೆ ಅವಳು ಬರೋದಿಲ್ಲವಲ್ಲ. ಅಷ್ಟು ಜನರ ಮುಂದೆ ತಂದೆ ಬೇರೆ ಯಾರನ್ನೋ ಕರೀತಿರ್ತಾನೆ, ಅವಳು ಎಲ್ಲೋ ನಿಂತು ನೋಡ್ತಿರ್ತಾಳೆ. ಅದಕ್ಕೇ, "ನನಗೆ ಗೊತ್ತಿಲ್ಲ. ನನ್ನ ಅಕ್ಕನಿಗೆ ಗೊತ್ತು, ಅವಳನ್ನ ಕೇಳಿ" ಅಂದೆ. ಜನ ನಕ್ಕರು. ಮಗಳ ವಾರ ಗೊತ್ತಿಲ್ಲದವನು ಪ್ರೊಫೆಸರ್ರಂತೆ ಅಂದರು. ದಾರ್ಕೊ ಬಟ್ಟಲಿನ ನೀರನ್ನ ನೆಲಕ್ಕೆ ಚೆಲ್ಲಿ, ದೂರು ತಂದವನೇ ಕುರುಡ, ಆಣೆ ಬೇಕಾಗಿಲ್ಲ ಅಂದ. ಅಷ್ಟಾದರೂ ನನ್ನಿಂದ ಆಯ್ತಲ್ಲ ಅಂದುಕೊಂಡು ಬಸ್ಸು ಹತ್ತಿದೆ.

ಮುಂದಿನದನ್ನ ಹೇಗೆ ಹೇಳಲಿ. ಮರುವಾರ ರೇಡಿಯೋದಲ್ಲಿ ನನ್ನ ಕುರ್ಚಿಯಲ್ಲಿ ಎನ್ಕಾನ್ಸಾ ಕೂತಿದ್ದ. ಹುಡುಗಿ ಸೋಮವಾರದವಳು ಅನ್ನೋದೇ ದೊಡ್ಡ ಸಾಕ್ಷಿಯಂತೆ. ಗುರುವಾರದವಳು ತನ್ನ ಬಟ್ಟೆ ಉಡಿಸಿ, ತನ್ನ ಹೆಸರು ಕೊಟ್ಟು, ತನ್ನ ಬದಲಿಗೆ ಸೋಮವಾರದ ಹುಡುಗಿಯನ್ನ ಕಳಿಸಿದಳಂತೆ, ಬದಲಿ ಬಲಿಯಂತೆ. ನಿನ್ನ ಕಾಗದದ ಮಾತನ್ನ ಹೋಗೋ ದಾರಿಯಲ್ಲಿ ಬಸ್ಸಿನಲ್ಲಿ ನಾನೇ ಅವನಿಗೆ ಓದಿ ಹೇಳಿದ್ದೆ. ಅದು ಹಾಗಲ್ಲ ಅಂತ ಹೇಳೋಕೆ ಫೋನ್ ಮಾಡಿದೆ. ಎರಡು ಮಾತಿಗೆ ಬಿಟ್ಟ. ಆಮೇಲೆ, "ಪ್ರೊಫೆಸರ್, ಒಂದೇ ಪ್ರಶ್ನೆ, ಮಗಳು ಮುಳುಗೋ ದಿನ ತಂದೆ ಸರಿಯಾಗಿ ದೂರದ ಕುಮಾಸಿಯಲ್ಲೇ ಯಾಕಿದ್ದ?" ಅಂದ. ಉತ್ತರ ಹೇಳೋ ಮೊದಲೇ ಫೋನ್ ಕಟ್ ಮಾಡಿದ. ಈಗ ನನ್ನ ಅಂಗಡಿಗೆ ಸತ್ತವರ ಫೋಟೋ ಯಾರೂ ತರೋದಿಲ್ಲ. ದುಕೊಮಾನ್‌ನ ಆ ಹೆಂಗಸು ಬಂದು ಬಾಗಿಲಿಗೆ ಉಗಿದು ಹೋದಳು.

ಒಂದು ಯೋಚನೆ ಮಾತ್ರ ಬಿಡ್ತಾ ಇಲ್ಲ ಅಕ್ಕಾ. ಸೋಮವಾರ ಶಾಂತಿಯ ವಾರ ಅಂತಾರೆ. ಅವಳು ಹುಟ್ಟಿದ್ದು ಆರನೇ ತಾರೀಖು, ನಾನು ಅಬಿಜಾನ್‌ನಲ್ಲಿ ಮುಖ ತಿರುಗಿಸಿ ಇದ್ದದ್ದೂ ಆರು ವರ್ಷ. ಇದಕ್ಕೇನಾದರೂ ಅರ್ಥ ಇರಬಹುದಾ?

ನನ್ನನ್ನ ಕ್ಷಮಿಸ್ತೀಯಾ? ಒಂದು ಸಲ ಬರಲಾ?

ಕ್ವಾಬೆನಾ


ನ್ಸುವಾನೊ,
ಮೇ 14, 2024, ಮಂಗಳವಾರ

ಕ್ವಾಬೆನಾ,

ಅರ್ಥ ಇದೆ. ನೀನು ಆರು ವರ್ಷ ಮಗುವಿನ ಮುಖ ನೋಡಲಿಲ್ಲ ಅನ್ನೋದೇ ಅರ್ಥ. ಬೇರೆ ಇನ್ನೇನೂ ಇಲ್ಲ.

ಕ್ಷಮಿಸೋ ಮಾತು ಈಗ ಎತ್ತಬೇಡ. ನಾನು ಊರಲ್ಲಿದ್ದೀನಿ, ಬಿಟ್ಟು ಹೋಗೋದಿಲ್ಲ. ನಾಲ್ಕೈದು ಮನೆಯವರು ಮತ್ತೆ ಬ್ರೆಡ್ಡು ತಗೊಳ್ತಿದ್ದಾರೆ. ಮಿಕ್ಕವರು ಎನ್ಕಾನ್ಸಾನ ಮಾತು ಕೇಳ್ತಾರೆ, ನನ್ನನ್ನ ಕಂಡರೆ ಮಕ್ಕಳನ್ನ ಸೆರಗಿನ ಹಿಂದೆ ಎಳ್ಕೊಳ್ತಾರೆ. ನೀನು ಹೇಳಿದ ಸುಳ್ಳನ್ನ ನೀನು ವಾಪಸ್ಸು ತಗೊಂಡೆ, ಅದು ನಿನ್ನ ಕೈ ಬಿಟ್ಟು ನಡೆಯೋದು ಕಲಿತಾಗಿತ್ತು. ನಾನು ಸಾಯೋವರೆಗೂ ಅದು ನನ್ನ ಜೊತೆ ಬಾವಿಗೆ ಬರುತ್ತೆ, ಚರ್ಚಿಗೆ ಬರುತ್ತೆ. ಅದಕ್ಕೆ ನಿನಗೆ ಕ್ಷಮೆ ಇಲ್ಲ.

ಶುಕ್ರವಾರ ಸಂತೆಗೆ ಒಫೊಸು ಇನ್ನೊಂದು ದೋಣಿ ಬಿಟ್ಟ. ಮೂವತ್ತೊಂದು ಜನ. ನಾನು ದಡದಲ್ಲಿ ನಿಂತು ಒಬ್ಬೊಬ್ಬರನ್ನೂ ಗಟ್ಟಿಯಾಗಿ ಎಣಿಸಿದೆ. ಇಪ್ಪತ್ತಾದ ಮೇಲೆ ದೋಣಿಯ ಹಗ್ಗ ಹಿಡಿದುಕೊಂಡು ಕೂತುಬಿಟ್ಟೆ. ಮಾಟಗಾತಿ ಅಂದರು. ಹೌದು, ಮಾಟಗಾತಿನೇ, ಹನ್ನೊಂದು ಜನ ಇಳೀರಿ ಅಂದೆ. ಹೆದರಿ ಇಳಿದರು. ನೀನು ಕೊಟ್ಟ ಹೆಸರು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು. ಪ್ರತಿ ಶುಕ್ರವಾರ ಹೋಗ್ತೀನಿ.

ಬರಲಾ ಅಂತ ಕೇಳಿದ್ದೀಯ. ನಿನ್ನೆ ರಾತ್ರಿ ನಿನ್ನ ಮೂರೂ ಕಾಗದ ತೆಗೆದು ಮತ್ತೆ ಓದಿದೆ, ಮೊದಲಿನಿಂದ ಕೊನೆಯವರೆಗೆ. ಹತ್ತೊಂಬತ್ತು ಇದೆ, ಹದಿನಾಲ್ಕು ಇದೆ, ಬಿಳಿ ಬಣ್ಣ ಇದೆ, ಒಫೊಸುವಿನ ಮಹಡಿ ಇದೆ, ಈಗ ಆರು ಬೇರೆ. ನಾನು ಯಾಕೆ ಹೋಗಲಿಲ್ಲ ಅಂತ ಎರಡು ಸಲ ಕೇಳಿದ್ದೀಯ. ಬೊಡ್ಡೆಯನ್ನ ಏನು ಕೇಳಲಿ ಅಂತ ಅತ್ತಿದ್ದೀಯ. ಅವಳಿಗೆ ಯಾವ ತಿಂಡಿ ಇಷ್ಟ ಇತ್ತು ಅಂತ ಒಂದು ಸಾಲು ಇಲ್ಲ. ಹೊಲಿಗೆ ಕಲೀತಿದ್ದಳಲ್ಲ, ಏನು ಹೊಲಿದಿದ್ದಳು ಅಂತ ಇಲ್ಲ. ಯಾವುದಕ್ಕೆ ನಗ್ತಿದ್ದಳು, ಯಾರನ್ನ ಮದುವೆ ಆಗಬೇಕು ಅಂತಿದ್ದಳು, ನಿನ್ನ ಬಗ್ಗೆ ಏನು ಹೇಳ್ತಿದ್ದಳು, ಏನೂ ಇಲ್ಲ. ಮೂರು ತಿಂಗಳು ನೀನು ಅವಳ ಸಾವನ್ನ ತಿರುಗಿಸಿ ಮುರುಗಿಸಿ ನೋಡಿದೆ, ಅವಳನ್ನ ಒಂದು ಸಲ ನೋಡಲಿಲ್ಲ. ನಾನಾಗಿ ಹೇಳೋದಿಲ್ಲ ಅಂತ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಈಗಲೂ ಹೇಳೋದಿಲ್ಲ.

ಬಾ. ಯಂತ್ರ ಬೇಡ, ಕಾಗದ ಪೆನ್ನು ಬೇಡ. ಬಂದು ಜಗಲಿಯ ಮೇಲೆ ಕೂತು, ಅವಳು ಹೇಗಿದ್ದಳು ಅಂತ ಕೇಳು.

ನಿನ್ನ ಅಕ್ಕ,
ಯಾ ಬಿರಾಗೊ